ಸೌತೆಪರ್ವ

ಮನೆಗೆ ಬಂದವರು ಬರಿಗೈಯಲ್ಲಿ ಹಿಂದಿರುಗಬಾರದು ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಆದರೆ ನನ್ನ ಅತ್ತೆ ಇದ್ದಷ್ಟು ಕಾಲ, ಮೇ ತಿಂಗಳಲ್ಲಿ ನಮ್ಮ ಮನೆಗೆ ಬಂದವರಿಗೆ ಬರಿಗೈಯಲ್ಲಿ ಹಿಂದಿರುಗುವ ಸ್ವಾತಂತ್ರ್ಯವೇ ಇರಲಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನು, ಮದುವೆಯ ಕಾಗದ ಕೊಡಲು ಬಂದ ದೂರದ ನೆಂಟರು, ಯಾರದೋ ಮನೆ ಕೇಳಿಕೊಂಡು ತಪ್ಪಿ ನಮ್ಮ ಗೇಟಿನಲ್ಲಿ ನಿಂತವರು, ಎಲ್ಲರ ಕೈಯಲ್ಲೂ ಹೋಗುವಾಗ ಒಂದು ಸೌತೆಕಾಯಿ ಇರುತ್ತಿತ್ತು. ಬೈಕಿನಲ್ಲಿ ಬಂದ ಒಬ್ಬ ಹುಡುಗ ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಂಗಿಯೊಳಗೆ ಹಾಕಿಕೊಂಡು ಹೋದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಸೌತೆಕಾಯಿ ಎಂದೊಡನೆ ಘಟ್ಟದ ಮೇಲಿನ ಓದುಗರಿಗೆ ಉಪ್ಪು ಖಾರ ಸವರಿ ಕಚ್ಚಿ ತಿನ್ನುವ ಎಳೆಯ ಹಸಿರು ಕಾಯಿ ನೆನಪಾದೀತು. ಅದು ನಮಗೆ ಮುಳ್ಳುಸೌತೆ. ನಾನು ಹೇಳುತ್ತಿರುವುದು ಬೆಂಗಳೂರಿನ ಅಂಗಡಿಗಳಲ್ಲಿ ‘ಮಂಗಳೂರು ಸೌತೆ’ ಎಂದು ಮಾರುವ, ಹಸಿರು ಹಳದಿ ಪಟ್ಟೆಗಳ, ಒಂದೊಂದು ಕಿಲೋ ತೂಗುವ ದಪ್ಪ ಸೌತೆಯ ವಿಷಯ. ಇದು ಹೆಸರಿಗೆ ಸೌತೆಯಾದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕರಬೂಜದ ಕುಲಕ್ಕೆ ಸೇರಿದ್ದೆಂದು ನಮ್ಮ ಶಾಲೆಯ ವಿಜ್ಞಾನದ ಮಾಸ್ಟ್ರು ಒಮ್ಮೆ ಹೇಳಿದ್ದರು. ನಾನು ಅದನ್ನು ಬಹಳ ಉತ್ಸಾಹದಿಂದ ಮನೆಗೆ ಬಂದು ಅತ್ತೆಗೆ ಹೇಳಿದೆ. ‘‘ಕುಲ ಯಾವುದಾದರೂ ಆಗಲಿ, ಹುಳಿಗೆ ಬಿದ್ದ ಮೇಲೆ ಸೌತೆಯೇ’’ ಎಂದುಬಿಟ್ಟರು.

ಮಾವ ತೀರಿಕೊಂಡ ಮೇಲೆ, 2004ರಲ್ಲಿ, ಅತ್ತೆ ಹೊಳೆಬದಿಯ ಹಳ್ಳಿಯ ಮನೆ ಬಿಟ್ಟು ಉಡುಪಿಯ ನಮ್ಮ ಮನೆಗೆ ಬಂದರು. ಗದ್ದೆ ಪಾಲಾಗಿ, ನಮ್ಮ ಪಾಲಿನದು ಮಾರಾಟವೂ ಆಗಿತ್ತು. ಆಗ ಅವರಿಗೆ ಅರುವತ್ತೆಂಟು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಕತ್ತಿ, ಒಂದು ಹಾರ್ಲಿಕ್ಸ್ ಬಾಟಲಿ. ಬಾಟಲಿಯಲ್ಲಿ ಬೂದಿ. ಬೂದಿಯ ಒಳಗೆ ಬೀಜ.

ನಮ್ಮ ಮನೆಯ ಹಿಂದೆ ನಾಲ್ಕು ಸೆಂಟ್ಸ್ ಜಾಗ ಸುಮ್ಮನೆ ಬಿದ್ದಿತ್ತು. ಅಲ್ಲಿ ಮುಂದೆ ಕಾರಿಗೊಂದು ಶೆಡ್ಡು ಕಟ್ಟಿಸಬೇಕು, ಉಳಿದ ಕಡೆ ಸಿಮೆಂಟು ಹಾಕಿಸಿ ಬಟ್ಟೆ ಒಣಗಿಸಲು ತಂತಿ ಕಟ್ಟಿಸಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಅತ್ತೆ ಬಂದು ಎರಡನೆಯ ತಿಂಗಳಿಗೆ ಅಲ್ಲಿ ತರಗೆಲೆ ರಾಶಿ ಬಿತ್ತು. ತರಗೆಲೆಗೆ ಬೆಂಕಿ ಕೊಟ್ಟು, ಮೇಲೆ ಮಣ್ಣು ಹಾಕಿ, ಎರಡು ದಿನ ಹೊಗೆಯಾಡಿಸಿ ಸುಡುಮಣ್ಣು ಮಾಡಿದರು. ತಂತಿಯ ಮೇಲಿದ್ದ ನನ್ನ ಕಾಟನ್ ಸೀರೆಗಳೆಲ್ಲ ಹೊಗೆಯ ವಾಸನೆ. ಆ ಸೀರೆ ಉಟ್ಟು ತರಗತಿಗೆ ಹೋದರೆ ಮುಂದಿನ ಬೆಂಚಿನ ಹುಡುಗಿಯರು ಮೂಗು ಅರಳಿಸುತ್ತಿದ್ದರು.

ಡಿಸೆಂಬರ್ ಕೊನೆಗೆ ಹರಿವೆ, ಬೆಂಡೆ, ಅಲಸಂಡೆ. ಜನವರಿ ಕಳೆದ ಮೇಲೆ ಸೌತೆ. ಬೀಜ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೂತಿ ಒಡೆದದ್ದನ್ನು ನೋಡಿ ಗುಂಡಿಗೆ ನಾಲ್ಕು ನಾಲ್ಕು ಊರುವುದು. ಬಳ್ಳಿ ಹರಿಯಲು ಸುರುವಾದೊಡನೆ ನೆಲಕ್ಕೆ ಒಣ ಮಡಲು, ತರಗೆಲೆ ಹಾಸುವುದು. ಇಲ್ಲವಾದರೆ ಬಿಸಿಮಣ್ಣಿಗೆ ತಾಗಿ ಕಾಯಿ ಕೆಡುತ್ತದೆ. ಮಿಡಿಯಾದಾಗ ಹಣ್ಣುನೊಣ ಚುಚ್ಚದಂತೆ ಒಂದೊಂದು ಮಿಡಿಯನ್ನೂ ಎಲೆ ಮುಚ್ಚಿ ಕಾಯುವುದು. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ನನ್ನ ಮಕ್ಕಳು ಸ್ನಾನ ಮಾಡಿದ ನೀರು ಎಲ್ಲವೂ ಅಲ್ಲಿಗೇ. ಬಚ್ಚಲ ನೀರಿನ ಪೈಪನ್ನು ಕತ್ತಿಯಿಂದ ಕಡಿದು ಹಿತ್ತಿಲಿಗೆ ತಿರುಗಿಸಿದ ದಿನ ಮನೆಯವರಿಗೂ ಅತ್ತೆಗೂ ಸಣ್ಣ ಮಾತುಕತೆಯಾಯಿತು. ಪೈಪು ಮಾತ್ರ ಹಾಗೆಯೇ ಉಳಿಯಿತು.

ನನಗೆ ಅರ್ಥವಾಗದೆ ಇದ್ದದ್ದು ಅವರ ಗಣಿತ. ಮನೆಯಲ್ಲಿ ಐದು ಜನ. ಎರಡು ಗುಂಡಿ ಸಾಕಲ್ಲ, ಎಂಟು ಯಾಕೆ? ಕೇಳಿದೆ. ‘‘ಹೆಚ್ಚಾಯಿತು ಅಂತ ಯಾರಾದರೂ ಅತ್ತದ್ದುಂಟಾ?’’ ಎಂದರು. ಅಳುವವಳು ನಾನಿದ್ದೆನಲ್ಲ!

ವಿಷುವಿಗೆ ಕಣಿ ಇಡಲು ಮೊದಲ ಹಣ್ಣುಸೌತೆ ಬಳ್ಳಿಯಿಂದ ಬರುತ್ತಿತ್ತು. ಕನ್ನಡಿ, ತೆಂಗಿನಕಾಯಿ, ಅಕ್ಕಿಯ ನಡುವೆ ಬಂಗಾರದ ಬಣ್ಣದ ಆ ಸೌತೆಯನ್ನು ನೋಡಿ ಕೈಮುಗಿಯುವುದು ಹಿತವೇ. ಆದರೆ ಏಪ್ರಿಲ್ ನಡುವಿನಲ್ಲಿ ಒಂದಾಗಿ ಬಂದದ್ದು ತಿಂಗಳ ಕೊನೆಗೆ ಬುಟ್ಟಿಯಾಗಿ, ಮೇ ಮೊದಲ ವಾರಕ್ಕೆ ಪಡಸಾಲೆಯ ನೆಲವೇ ಕಾಣದ ಹಾಗೆ ಹರಡಿಕೊಳ್ಳುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿ, ಇನ್ನು ರಜೆ, ಸ್ವಲ್ಪ ಓದೋಣ, ಮಲಗೋಣ ಎಂದು ಮನೆಗೆ ಬಂದರೆ ನೂರು ಅಂಕದ ಪ್ರಶ್ನೆಪತ್ರಿಕೆಯ ಹಾಗೆ ಸೌತೆಗಳು ಬಿದ್ದುಕೊಂಡಿರುತ್ತಿದ್ದವು.

ಸೋಮವಾರ ಸೌತೆಯ ಕೊದ್ದೆಲ್. ಮಂಗಳವಾರ ಮಜ್ಜಿಗೆ ಹುಳಿ. ಬುಧವಾರ ಬೆಳಿಗ್ಗೆ ಸೌತೆಯ ದೋಸೆ. ಇದಕ್ಕೆ ನೆನೆಸಿದ ಬೆಳ್ತಿಗೆ ಅಕ್ಕಿ, ಒಂದು ಹಿಡಿ ಕಾಯಿತುರಿ, ಉಪ್ಪು, ಮತ್ತು ಅಕ್ಕಿಯಷ್ಟೇ ಸೌತೆಯ ತುರಿ ಸಾಕು. ರುಬ್ಬುವಾಗ ನೀರು ಹಾಕುವ ಪ್ರಶ್ನೆಯೇ ಇಲ್ಲ, ಸೌತೆಯೇ ಬೇಕಾದಷ್ಟು ನೀರು ಬಿಡುತ್ತದೆ. ಹುಳಿ ಬರಿಸುವ ಕಾಯುವಿಕೆಯೂ ಇಲ್ಲ; ರುಬ್ಬಿದ ಕೂಡಲೇ ಕಾವಲಿಗೆ. ಸೌತೆಯ ಸಿಪ್ಪೆ ಎಸೆದರೆ ಅತ್ತೆಗೆ ಆಗದು. ಅದನ್ನು ಎಣ್ಣೆಯಲ್ಲಿ ಬಾಡಿಸಿ, ಕಾಯಿ, ಹುಣಸೆ, ಹುರಿದ ಮೆಣಸು ಸೇರಿಸಿ ಚಟ್ನಿ. ಒಳಗಿನ ತಿರುಳು, ಬೀಜ ಎಸೆದರೂ ಆಗದು. ಅದನ್ನು ರುಬ್ಬಿ, ಸೋಸಿ, ಆ ಹಾಲಿನಿಂದ ಸಾರು. ಬೆಳ್ಳಗೆ ತೆಳುವಾದ ಆ ಸಾರಿಗೆ ಜೀರಿಗೆ, ಗಾಂಧಾರಿ ಮೆಣಸು, ಒಂದು ಎಸಳು ಬೇವಿನಸೊಪ್ಪಿನ ಒಗ್ಗರಣೆ ಬಿದ್ದರೆ ಜ್ವರದ ಬಾಯಿಗೂ ರುಚಿ ಹತ್ತುತ್ತದೆ. ಇದನ್ನು ನಾನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಒಂದು ಕಾಯಿಯಿಂದ ಮೂರು ಪದಾರ್ಥ ಹೊರಟು, ಅಂಥ ಕಾಯಿ ಅರುವತ್ತು ಇದ್ದರೆ ಸಂಸಾರದ ಗತಿ ಏನು, ನೀವೇ ಹೇಳಿ.

ಕತ್ತರಿಸುವ ಮೊದಲು ತೊಟ್ಟಿನ ಬದಿಯ ಒಂದು ಚೂರು ನಾಲಗೆಗೆ ಇಟ್ಟು ನೋಡುವುದು ಕಡ್ಡಾಯ. ಹತ್ತರಲ್ಲಿ ಒಂದು ಕಹಿ ಇರುತ್ತದೆ. ಅದೊಂದು ಬಿದ್ದರೆ ಇಡೀ ಹುಳಿ ಹಾಳು. ಆ ಪರೀಕ್ಷೆ ಅತ್ತೆಯದೇ. ಕಹಿ ಸಿಕ್ಕಿದ ದಿನ ನನ್ನ ಮಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ‘‘ಒಂದು ಔಟ್!’’ ಎಂದು ಕೂಗುತ್ತಿದ್ದ.

ಸೌತೆಯೊಂದೇ ಅಲ್ಲ. ಬಸಳೆಯ ಚಪ್ಪರ ಬಾವಿಕಟ್ಟೆಯವರೆಗೆ ಬಂದು, ನೀರು ಸೇದುವವರ ತಲೆಗೆ ಬಳ್ಳಿ ಸಿಕ್ಕಿಕೊಳ್ಳುತ್ತಿತ್ತು. ಪಡುವಲದ ತುದಿಗೆ ಕಲ್ಲು ಕಟ್ಟಿ ನೇರ ಇಳಿಯುವಂತೆ ಮಾಡಿದ್ದರಿಂದ ರಾತ್ರಿ ಹಿತ್ತಿಲಿಗೆ ಹೋದರೆ ಹಾವುಗಳ ನಡುವೆ ಹೋದಂತೆ. ಬಾವಿಯ ಬದಿಯ ತಂಪಿನಲ್ಲಿ ಒಂದೆಲಗ, ಗೋಡೆಯ ಬುಡಕ್ಕೆ ದೊಡ್ಡಪತ್ರೆ, ಮಜ್ಜಿಗೆಹುಲ್ಲು. ಗುಳ್ಳ ಬದನೆಯನ್ನು ಮಾತ್ರ ಅತ್ತೆ ಬೆಳೆಯಲಿಲ್ಲ. ಅದು ವಾದಿರಾಜಸ್ವಾಮಿಗಳು ಮಟ್ಟಿನವರಿಗೆ ಕೊಟ್ಟ ಬೀಜ ಎಂಬ ಐತಿಹ್ಯ ನಮ್ಮಲ್ಲಿದೆ. ‘‘ಅದು ಮಟ್ಟಿನ ಮಣ್ಣಿಗೇ ಸೈ’’ ಎನ್ನುತ್ತಿದ್ದರು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದನ್ನು ನಾನು ಪೇಪರಿನಲ್ಲಿ ಓದಿ ಹೇಳಿದಾಗ, ತಾವೇ ಮೊದಲು ಹೇಳಿದ್ದು ಎನ್ನುವ ಮುಖ ಮಾಡಿದರು.

ತಿಂದು ಉಳಿದ ಸೌತೆಯನ್ನು ಮಳೆಗಾಲಕ್ಕೆ ಕಟ್ಟುವುದು. ಹಳ್ಳಿಯ ಮನೆಯಲ್ಲಾದರೆ ಅಟ್ಟದ ತೊಲೆಗಳಿದ್ದವು. ತಾರಸಿ ಮನೆಯಲ್ಲಿ ಎಲ್ಲಿ ಕಟ್ಟುವುದು? ಹಿಂದಿನ ಜಗಲಿಯಲ್ಲಿ ಎರಡು ಬಿದಿರ ಗಳ ಅಡ್ಡ ಹಾಕಿಸಿದರು. ಒಣಗಿದ ಬಾಳೆಯ ನಾರನ್ನು ನೀರಿಗೆ ಹಾಕಿ ಮೆದು ಮಾಡಿ, ಕಾಯಿಯ ಹೊಟ್ಟೆಗೆ ಸುತ್ತಿ, ಒಂದರ ಕೆಳಗೊಂದು ಮಾಲೆಯಂತೆ ಇಳಿಬಿಡುವುದು. ತೊಟ್ಟು ಮುರಿದಿರಬಾರದು, ಎಲ್ಲೂ ಪೆಟ್ಟಾಗಿರಬಾರದು, ಒಂದಕ್ಕೊಂದು ತಾಗಬಾರದು. ಹಾಗೆ ಕಟ್ಟಿದ್ದು ದೀಪಾವಳಿಯವರೆಗೂ ನಿಲ್ಲುತ್ತಿತ್ತು. ಆಷಾಢದಲ್ಲಿ ಹೊರಗೆ ಕಾಲಿಡಲಾಗದಂತೆ ಮಳೆ ಹೊಡೆಯುವಾಗ ಕೈಯೆತ್ತಿ ಒಂದು ಸೌತೆ ಬಿಚ್ಚಿಕೊಳ್ಳುವುದರಲ್ಲಿ ಒಂದು ಸುಖ ಉಂಟು, ಒಪ್ಪುತ್ತೇನೆ. ಒಳಗೊಳಗೇ ಕೊಳೆತದ್ದು ನಡುರಾತ್ರಿ ‘ಧಬ್’ ಎಂದು ಬಿದ್ದಾಗ ಕಳ್ಳ ಬಂದನೆಂದು ಮನೆಯವರು ಟಾರ್ಚು ಹಿಡಿದು ಓಡಿದ್ದೂ ಉಂಟು.

ಕಟ್ಟಿಯೂ ಉಳಿದದ್ದು ಹಂಚಿಕೆಗೆ. ಯಾರಿಗೆ ಯಾವಾಗ ಎಷ್ಟು ಎಂಬ ಲೆಕ್ಕ ಅತ್ತೆಯ ತಲೆಯಲ್ಲೇ ಇರುತ್ತಿತ್ತು. ಮೂಲೆಮನೆಯ ಬಾಣಂತಿಗೆ ಸೌತೆ ಬೇಡ, ತಂಪು, ಅವಳಿಗೆ ಒಂದೆಲಗ. ಎದುರು ಮನೆಯ ನಿವೃತ್ತ ಕ್ಲಾರ್ಕರಿಗೆ ಎಳೆಯ ಹಾಗಲ. ಪ್ರತಿ ಸೌತೆಯ ಜೊತೆ ಒಂದೆಸಳು ಬೇವಿನಸೊಪ್ಪು. ಇಸಕೊಂಡವರು ಒಂದು ಗಳಿಗೆ ಕುಳಿತು, ಬೆಲ್ಲ ನೀರು ಕುಡಿದು, ಸೊಸೆಯ ದೂರೋ ಮಗಳ ಹೆರಿಗೆಯೋ ಏನಾದರೊಂದು ಹೇಳಿ ಹೋಗಬೇಕು. ನಾನು ಇದನ್ನು ಹರಟೆ ಎಂದುಕೊಂಡಿದ್ದೆ.

ಎಲ್ಲರಿಗಿಂತ ಮೊದಲ ಹಕ್ಕು ನೆರೆಮನೆಯ ಮಾಯಿಯದು. ಅವರದು ಕೊಂಕಣಿ ಮನೆಮಾತು; ಅವರ ಸೊಸೆಯಂದಿರು ಕರೆಯುವುದನ್ನು ಕೇಳಿ ಕೇಳಿ ಇಡೀ ಓಣಿಯೇ ಅವರನ್ನು ಮಾಯಿ ಎನ್ನುತ್ತಿತ್ತು. ಅತ್ತೆ ಮಾತ್ರ ಅವರನ್ನು ‘ಅಕ್ಕ’ ಎನ್ನುತ್ತಿದ್ದರು. ಅವರೂ ಅತ್ತೆಯನ್ನು ‘ಅಕ್ಕ’ ಎನ್ನುತ್ತಿದ್ದರು. ಯಾರು ದೊಡ್ಡವರೆಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಅತ್ತೆ ಮೂರು ಸೌತೆಗಳನ್ನು ಬಳ್ಳಿಯಲ್ಲೇ ಪೂರ್ತಿ ಹಣ್ಣಾಗಲು ಬಿಟ್ಟು, ಮೇ ತಿಂಗಳ ನಡುವೆ ಮಾಯಿಯ ಮನೆಗೆ ತಾವೇ ಹೊತ್ತು ಕೊಡುತ್ತಿದ್ದರು. ಮಾಯಿ ಅದರಿಂದ ತವಸಳಿ ಮಾಡುತ್ತಿದ್ದರು. ತವಶೆ ಎಂದರೆ ಕೊಂಕಣಿಯಲ್ಲಿ ಸೌತೆ.

ತವಸಳಿ ಮಾಡುವ ದಿನ ನಮ್ಮ ಮಕ್ಕಳು ಬೇಲಿಯ ಬದಿ ಬಿಟ್ಟು ಕದಲುತ್ತಿರಲಿಲ್ಲ. ಮಾಯಿ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ತೆಂಗಿನ ಸಿಪ್ಪೆಯ ಹದವಾದ ಬೆಂಕಿ ಮಾಡುತ್ತಿದ್ದರು. ಕಲಾಯಿ ಹಾಕಿದ ತಾಮ್ರದ ಪಾತ್ರೆಯ ಒಳಗೆ ತುಪ್ಪ ಸವರಿದ ಬಾಳೆಲೆ. ಅದರ ಮೇಲೆ ಸೌತೆಯ ತುರಿ, ಬೆಲ್ಲ, ಕಾಯಿತುರಿ, ಹುರಿದ ಅಕ್ಕಿ ರವೆ, ಏಲಕ್ಕಿ ಸೇರಿದ ಹಿಟ್ಟು. ಬಾಯಿಗೆ ಹಿತ್ತಾಳೆಯ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಗೆರಟೆಯ ಕೆಂಡ. ಕೆಳಗೂ ಬೆಂಕಿ, ಮೇಲೂ ಬೆಂಕಿ. ನಮ್ಮ ಅಡಿಗೆಯಲ್ಲಿ ಬೇಯಿಸುವುದು, ಹುರಿಯುವುದು, ಕರಿಯುವುದು ಇದೆಯೇ ಹೊರತು ಬೇಕರಿಯವರ ಹಾಗೆ ಸುಡುವುದು ಕಡಿಮೆ ಎಂದುಕೊಂಡಿದ್ದ ನನಗೆ, ಓವನ್ ಎಂಬ ಹೆಸರೇ ಕೇಳದ ಈ ಹೆಂಗಸು ಕೇಕು ಸುಡುವುದು ಕಂಡು ಬೆರಗಾಗಿತ್ತು. ಗಡಿಯಾರ ನೋಡುವುದಿಲ್ಲ. ಬೆಲ್ಲ ತಳಕ್ಕೆ ಹಿಡಿಯುವ ಮೊದಲು ಒಂದು ವಾಸನೆ ಬರುತ್ತದೆಯಂತೆ, ಆಗ ಕೆಳಗಿನ ಬೆಂಕಿ ಎಳೆಯಬೇಕು. ಸಂಜೆಗೆ ತವಸಳಿಯ ಅರ್ಧ ನಮ್ಮ ಮನೆಗೆ. ಮೇಲೆ ಕಂದು, ಒಳಗೆ ಒದ್ದೆ ಒದ್ದೆ ಹಳದಿ. ಮಕ್ಕಳು ಅದನ್ನು ‘ಅಜ್ಜಿ ಕೇಕ್’ ಎನ್ನುತ್ತಿದ್ದರು.

2012ರ ಮೇ ತಿಂಗಳು. ಬಳ್ಳಿಗಳು ಹುಚ್ಚೆದ್ದು ಕಾಯಿ ಕೊಟ್ಟಿದ್ದವು. ಅತ್ತೆ ಮೂರು ದಿನಕ್ಕೆಂದು ಮಗಳ ಮನೆಗೆ ಹೋಗಿದ್ದರು. ನನ್ನ ತಂಗಿಯ ಸಂಸಾರ ಬೆಂಗಳೂರಿನಿಂದ ಬರುವುದಿತ್ತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಬಿದಿರ ಗಳಗಳೂ ತುಂಬಿವೆ. ನನಗೆ ಒಂದು ಒಳ್ಳೆಯ ಯೋಚನೆ ಹೊಳೆಯಿತು. ನಮ್ಮ ಓಣಿಯ ಬಾಯಲ್ಲಿರುವ ತರಕಾರಿ ಅಂಗಡಿಯವರನ್ನು ಕೇಳಿದೆ. ಕಿಲೋಗೆ 12 ರೂಪಾಯಿಗೆ ತೆಗೆದುಕೊಳ್ಳುತ್ತೇನೆ ಎಂದರು. ರಿಕ್ಷಾ ಕರೆಸಿ 28 ಕಿಲೋ ಸೌತೆ ಕಳಿಸಿದೆ. ಬಣ್ಣ ಬಂದು ಹಣ್ಣಾದದ್ದು ಮೊದಲು ಹೋಗಲಿ, ಇಲ್ಲವಾದರೆ ಕೊಳೆಯುತ್ತದೆ ಎಂದು ಮೂಲೆಯಲ್ಲಿ ಬೇರೆ ಇಟ್ಟಿದ್ದ ಮೂರನ್ನು ನಾನೇ ಎತ್ತಿ ಚೀಲದ ಮೇಲಿಟ್ಟೆ. ಅವು ಯಾಕೆ ಬೇರೆ ಇದ್ದವು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. 336 ರೂಪಾಯಿ ಬಂತು. ಅದನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ‘ಅತ್ತೆಯ ಸೌತೆ’ ಎಂದು ಬರೆದು ದೇವರ ಕೋಣೆಯಲ್ಲಿಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಅತ್ತೆ ಬಂದರು. ಪಡಸಾಲೆ ನೋಡಿದರು. ನಾನು ಲಕೋಟೆ ಕೊಟ್ಟೆ. ಒಡೆಯಲಿಲ್ಲ.

‘‘ಹಣ್ಣಾದದ್ದು ಮೂರಿತ್ತಲ್ಲ, ಅದೂ ಹೋಯಿತಾ?’’

‘‘ಅದಕ್ಕೂ ಅಷ್ಟೇ ರೇಟು ಕೊಟ್ಟರು ಅತ್ತೆ’’ ಎಂದೆ.

ಅವರು ಏನೂ ಹೇಳದೆ ಕಾಲು ತೊಳೆಯಲು ಹೋದರು. ಮಾರನೆಯ ದಿನ ಸಂಜೆ ಮಾಯಿ ತವಸಳಿಯ ತಟ್ಟೆ ಹಿಡಿದುಕೊಂಡು ಬಂದರು. ಕಾಯಿ ತುರಿದು, ಬೆಲ್ಲ ಹೆರೆದು, ಗೆರಟೆ ಒಟ್ಟುಮಾಡಿ ಅವರು ಕಾದಿದ್ದರಂತೆ. ಅಕ್ಕ ಊರಲ್ಲಿಲ್ಲ, ನಾನು ಹೇಳಿ ಕಳಿಸಲಿಲ್ಲ. ಕೊನೆಗೆ ಅಂಗಡಿಗೆ ಹೋಗಿ ಸೌತೆ ಕೊಂಡರು. ‘‘ಪಟ್ಟೆ ನೋಡಿದ ಕೂಡಲೆ ಗೊತ್ತಾಯಿತು ಇದು ಅಕ್ಕನದೇ ಅಂತ. ಅಂಗಡಿಯಲ್ಲಿ ಸಿಕ್ಕಿತಲ್ಲ, ಅದೇ ದೊಡ್ಡದು’’ ಎಂದು ನಗುತ್ತ ಹೇಳಿದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅತ್ತೆ ಎಷ್ಟು ಕೊಟ್ಟಿರಿ ಎಂದು ಕೇಳಿದರು. ಮಾಯಿ ಹೇಳಲಿಲ್ಲ. ಅತ್ತೆ ಲಕೋಟೆ ತಂದು, ಅದರಿಂದ ಎರಡು ಇಪ್ಪತ್ತರ ನೋಟು ತೆಗೆದು ಮಾಯಿಯ ಕೈಯಲ್ಲಿಡಲು ಹೋದರು. ಮಾಯಿ ಕೈ ಹಿಂದೆಳೆದುಕೊಂಡರು. ಆ ನೋಟು ಇಬ್ಬರ ನಡುವೆ ನೆಲಕ್ಕೆ ಬಿತ್ತು. ಎತ್ತಿದವಳು ನಾನು.

ಆ ರಾತ್ರಿ ಊಟದ ಹೊತ್ತಿಗೆ ತವಸಳಿಯನ್ನು ಮಕ್ಕಳು ತಿಂದರು, ಮನೆಯವರು ತಿಂದರು. ಅತ್ತೆ ತಿನ್ನಲಿಲ್ಲ. ಬಡಿಸಿದ ನನಗೂ ಇಳಿಯಲಿಲ್ಲ. ಒಂದು ವಾರ ಅತ್ತೆ ಗೇಟಿನವರೆಗೂ ಹೋಗಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ‘‘ನಾನು ಮಾರಲಿಕ್ಕೆ ಬೆಳೆಸಿದ್ದಲ್ಲ’’ ಎಂದಷ್ಟೇ, ಅದೂ ನನಗಲ್ಲ, ಬಸಳೆ ಕೊಯ್ಯುತ್ತ ಬಸಳೆಗೆ ಹೇಳಿದಂತೆ ಹೇಳಿದರು.

ನನಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ನೆಂಟರ ಮಗುವಿಗೆ ಕೈಗೆ ನೂರು ರೂಪಾಯಿ ಕೊಡಬೇಕೆಂದರೆ ಯಾರನ್ನೂ ಕೇಳದೆ ಕೊಡುತ್ತೇನೆ. ಅತ್ತೆ ದೇವಸ್ಥಾನದ ಹುಂಡಿಗೆ ಹಾಕುವ ಹತ್ತು ರೂಪಾಯಿಯನ್ನೂ ಮಗನಿಂದಲೇ ಇಸಕೊಳ್ಳಬೇಕಿತ್ತು. ಮದುವೆಯಾದ ಹೊಸದರಲ್ಲಿ ಅವರ ಅತ್ತೆಯಿಂದ, ಅನಂತರ ಮಾವನಿಂದ, ಈಗ ಮಗನಿಂದ. ಎಪ್ಪತ್ತಾರು ವರ್ಷದ ಬದುಕಿನಲ್ಲಿ ತಮ್ಮ ಕೈಯಿಂದ ತಾವಾಗಿ ಎತ್ತಿ ಕೊಡಲು ಅವರಿಗೆ ಇದ್ದದ್ದು ಹಿತ್ತಿಲಿನದು ಮಾತ್ರ. ಪರ್ಯಾಯದ ಸಮಯದಲ್ಲಿ ಊರೂರುಗಳಿಂದ ಮೆರವಣಿಗೆಯಲ್ಲಿ ಕೃಷ್ಣಮಠಕ್ಕೆ ಹೊರೆಕಾಣಿಕೆ ಹೋಗುವಾಗ, ಅತ್ತೆ ಒಂದು ಬೂದುಗುಂಬಳವನ್ನು ಹೊತ್ತು ಆ ವಾಹನದ ಹತ್ತಿರ ಹೋಗಿ ತಾವೇ ಇಟ್ಟು ಬರುತ್ತಿದ್ದರು. ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅವರ ಮುಖದಲ್ಲಿ ಆಗ ಕಾಣುತ್ತಿದ್ದದ್ದು ಭಕ್ತಿ ಎಂದು ತಿಳಿದಿದ್ದೆ. ಭಕ್ತಿಯೂ ಇತ್ತು. ಎಂಟು ಗುಂಡಿಯ ಗಣಿತ ನನಗೆ ಹೊಳೆದದ್ದು 336 ರೂಪಾಯಿ ಕೊಟ್ಟ ಮೇಲೆ. ಆ ಲಕೋಟೆಯಲ್ಲಿ ಹಣ ಹಾಗೆಯೇ ಇತ್ತು. ಬಹಳ ಕಾಲದ ನಂತರ ಅದು ಟ್ರಂಕಿನಲ್ಲಿ ನನ್ನ ಕೈಗೇ ಸಿಕ್ಕಿತು.

ಕ್ಷಮೆ ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇಲ್ಲ. ಮರುವರ್ಷ ನಾನು ಒಂದು ಸಣ್ಣ ಕರೆಂಟಿನ ಓವನ್ ಕೊಂಡೆ. ಹಣ್ಣುಸೌತೆ ನಾಲ್ಕು ಉಳಿಸಿ ಎಂದು ಅತ್ತೆಗೆ ಹೇಳಿದೆ. ನಾಲ್ಕನೆಯದು ಯಾಕೆ ಎಂದು ಅವರು ಕೇಳಲಿಲ್ಲ. ಮಾಯಿಗೆ ಮೂರು ಹೋದ ಮೇಲೆ ಉಳಿದ ಒಂದರಿಂದ ನಾನೇ ತವಸಳಿಗೆ ಹೊರಟೆ. ಪಕೋಡಕ್ಕೆ ಮಾಡುವ ಹಾಗೆ ತುರಿಯನ್ನು ಚೆನ್ನಾಗಿ ಹಿಂಡಿ ನೀರು ತೆಗೆದೆ. ಹೊರಬಂದದ್ದು ಹಂಚಿನ ತುಂಡು. ಅತ್ತೆ ಒಂದು ಚೂರು ಬಾಯಿಗೆ ಹಾಕಿ, ಬಹಳ ಹೊತ್ತು ಜಗಿದು, ‘‘ಹಲ್ಲಿದ್ದವರಿಗೆ ಒಳ್ಳೆಯದೇ’’ ಎಂದರು. ವರ್ಷದ ನಂತರ ಅವರು ನನ್ನ ಹತ್ತಿರ ಆಡಿದ ಮೊದಲ ತಮಾಷೆ ಅದು. ಬೇಲಿಯಾಚೆಗೆ ಸುದ್ದಿ ಅವರೇ ಮುಟ್ಟಿಸಿದರು. ಮಾಯಿ ತಮ್ಮದೊಂದು ಸೌತೆಯನ್ನು ಹಿಡಿದುಕೊಂಡು ನಮ್ಮ ಅಡಿಗೆಮನೆಗೆ ಬಂದು ಮಣೆ ಹಾಕಿ ಕುಳಿತರು.

‘‘ಹಿಂಡುವುದೆಂತಕ್ಕೆ ಟೀಚರೇ? ಆ ನೀರಲ್ಲೇ ರವೆ ಬೇಯಬೇಕು.’’

ಅವರ ಅಳತೆ ಹೀಗೆ: ಒಂದು ಪಾವು ಅಕ್ಕಿ ರವೆ, ಪರಿಮಳ ಬರುವವರೆಗೆ ಹುರಿದದ್ದು. ಎರಡು ಪಾವು ಸೌತೆಯ ತುರಿ, ನೀರು ಸಮೇತ. ಒಂದು ಪಾವು ಬೆಲ್ಲದ ಹುಡಿ, ಅರ್ಧ ಪಾವು ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ. ತುರಿ, ಬೆಲ್ಲ, ಕಾಯಿ ಸೇರಿಸಿ ಒಂದು ಕುದಿ ಬರಿಸಿ, ರವೆ ಸುರಿದು ಕಲಸಿ, ಅರ್ಧ ಗಂಟೆ ಬಿಡುವುದು. ರವೆ ನೀರು ಕುಡಿದುಕೊಳ್ಳಲಿ. ಆಮೇಲೆ ತುಪ್ಪ ಸವರಿದ ಬಾಳೆಲೆಯ ಮೇಲೆ ಹರಡಿ ಓವನ್ನಿಗೆ. 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಎಂದು ಲೆಕ್ಕ ನಾನು ಆಮೇಲೆ ಕಂಡುಕೊಂಡದ್ದು. ಮಾಯಿ ಆ ದಿನ ಗಾಜಿನ ಬಾಗಿಲ ಮುಂದೆ ಕುಳಿತು ಮೂಗಿನಿಂದಲೇ ಕಾದರು. ಹೊಗೆಯ ರುಚಿ ಒಂದು ಇಲ್ಲ, ಉಳಿದದ್ದೆಲ್ಲ ಉಂಟು ಎಂದು ತೀರ್ಪು ಕೊಟ್ಟರು. ಅತ್ತೆ ಎರಡು ತುಂಡು ತಿಂದರು.

2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟು ಬತ್ತಿ ಉಡುಪಿಗೆ ನಳ್ಳಿನೀರೇ ಇಲ್ಲದಂತಾಯಿತು. ನಮ್ಮ ಬಾವಿಯಲ್ಲೂ ಕೊಡ ಮುಳುಗುವಷ್ಟಿರಲಿಲ್ಲ. ಅತ್ತೆ ಎಂಟು ಗುಂಡಿಯಲ್ಲಿ ಆರಕ್ಕೆ ನೀರು ನಿಲ್ಲಿಸಿದರು. ಆ ಆರು ಬಳ್ಳಿಗಳು ಒಣಗುವುದನ್ನು ನೋಡಲಾಗದೆ ಹಿಂದಿನ ಬಾಗಿಲು ಹಾಕಿಕೊಂಡು ಕುಳಿತಿದ್ದರು.

ಮರುವರ್ಷ ಸೌತೆಗೆ ಬರವಿರಲಿಲ್ಲ, ಮನುಷ್ಯರಿಗೆ ಬಂತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ಅಂಗಡಿ ಬೆಳಿಗ್ಗೆ ಕೆಲವೇ ಗಂಟೆ. ಮೊದಲ ಬಾರಿಗೆ ನಮ್ಮ ಓಣಿಯವರೆಲ್ಲ ತಾವಾಗಿ ಸೌತೆ ಕೇಳಿದರು. ಬಸಳೆ, ಹರಿವೆ, ಅಲಸಂಡೆ ಯಾವುದೂ ಉಳಿಯಲಿಲ್ಲ. ಅತ್ತೆಗೆ ಆಗ ಎಂಬತ್ತನಾಲ್ಕು. ಹೊರಗಿನವರು ಹತ್ತಿರ ಬರುವಂತಿಲ್ಲ. ನಾನು ಚೀಲಗಳಲ್ಲಿ ಹಾಕಿ ಗೇಟಿಗೆ ಕಟ್ಟುತ್ತಿದ್ದೆ. ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಂದು, ಚೀಲ ಬಿಚ್ಚಿಕೊಂಡು, ದೂರದಿಂದ ಕೈಮುಗಿದು ಹೋಗುತ್ತಿದ್ದರು. ಎಷ್ಟು ಉಪಕಾರವಾಯಿತು ಎಂದು ಎಲ್ಲರೂ ಫೋನಿನಲ್ಲಿ ಹೇಳಿದರು. ನಾನು ಅತ್ತೆಗೆ ಸಂತೋಷವಾದೀತೆಂದು ಅದನ್ನೆಲ್ಲ ಹೇಳಿದೆ. ಜಗಲಿಯ ಕುರ್ಚಿಯಲ್ಲಿ ಕುಳಿತು ಗೇಟನ್ನೇ ನೋಡುತ್ತಿದ್ದ ಅವರು, ‘‘ಯಾರೂ ಕೂರುವುದಿಲ್ಲ ಮಾರಾಯ್ತಿ’’ ಎಂದರು. ಬೆಲ್ಲದ ಡಬ್ಬಿ ಆ ವರ್ಷ ಹಾಗೆಯೇ ತುಂಬಿತ್ತು.

2021ರ ಸೆಪ್ಟೆಂಬರಿನಲ್ಲಿ, ಬಿದಿರ ಗಳದಲ್ಲಿ ಇನ್ನೂ ಹತ್ತು ಹನ್ನೆರಡು ಸೌತೆ ಇರುವಾಗ, ಅತ್ತೆ ಹೋದರು. ನಿದ್ದೆಯಲ್ಲೇ. ವೈಕುಂಠ ಸಮಾರಾಧನೆಯ ಅಡಿಗೆಯವರು ಹುಳಿಗೆ ಏನು ತರಿಸುವುದೆಂದು ಕೇಳಿದಾಗ ನಾನು ಜಗಲಿ ತೋರಿಸಿದೆ.

ಹಾರ್ಲಿಕ್ಸ್ ಬಾಟಲಿ ದೇವರ ಕೋಣೆಯ ಗೂಡಿನಲ್ಲಿತ್ತು. ಜನವರಿ ಕಳೆದ ಮೇಲೆ ಬೂದಿ ಕೊಡವಿ ಬೀಜ ತೆಗೆದು ನೆನೆಸಿದೆ. ಮಕ್ಕಳಿಬ್ಬರೂ ಬೇರೆ ಊರಲ್ಲಿದ್ದಾರೆ, ಮನೆಯಲ್ಲಿ ನಾವಿಬ್ಬರೇ. ಒಂದು ಗುಂಡಿ ಸಾಕು. ಮೂರು ತೋಡಿದೆ. ಮನೆಯವರು ನೋಡಿ, ಇದ್ದ ಹಾಗೆಯೇ ಇರಲಿ ಎಂದು ಉಳಿದ ಐದನ್ನೂ ತೋಡಿದರು. ಸುಡುಮಣ್ಣಿನ ಹೊಗೆ ಈಗಲೂ ನನ್ನ ಸೀರೆಗೇ. ಹಣ್ಣುನೊಣಕ್ಕೆ ಎಲೆ ಮುಚ್ಚುವ ತಾಳ್ಮೆ ನನಗೆ ಅತ್ತೆಯಷ್ಟಿಲ್ಲ, ಆದ್ದರಿಂದ ಕಾಯಿ ಅರುವತ್ತರ ಬದಲು ನಲುವತ್ತು ಬರುತ್ತದೆ. ಕಹಿ ನೋಡುವ ಕೆಲಸ ನನ್ನದು.

ಮಾಯಿಗೆ ಕೈ ನಡುಗುತ್ತದೆ, ಕೆಂಡದ ಕೆಲಸ ಈಗ ಆಗದು. ಮೇ ತಿಂಗಳಲ್ಲಿ ಓವನ್ನಿನದ್ದೇ ತವಸಳಿ ನಮ್ಮ ಮನೆಯಿಂದ ಅಲ್ಲಿಗೆ ಹೋಗುತ್ತದೆ. ಪಾತ್ರೆ ಖಾಲಿ ಹಿಂದಿರುಗಿಸಬಾರದೆಂದು ಅವರು ಒಂದು ಚೂರು ಬೆಲ್ಲ ಹಾಕಿ ಕಳಿಸುತ್ತಾರೆ. ಹೊಗೆಯ ರುಚಿ ಇಲ್ಲ ಎಂಬ ಮಾತನ್ನೂ ಜೊತೆಗೇ ಕಳಿಸುತ್ತಾರೆ.

ಕಳೆದ ಬೇಸಿಗೆಯಲ್ಲಿ ಓಣಿಯ ಬಾಯಿಯ ಅಂಗಡಿಯವರು ನನ್ನನ್ನು ನಿಲ್ಲಿಸಿ, ‘‘ಟೀಚರ್, ನಿಮ್ಮಲ್ಲಿ ಸೌತೆ ಇದ್ದರೆ ಕೊಡಿ, ಈಗ ರೇಟು ಒಳ್ಳೆಯದುಂಟು’’ ಎಂದರು. ‘‘ಉಂಟು, ಮನೆಗೆ ಬನ್ನಿ’’ ಎಂದೆ. ತೂಕದ ಚೀಲ ಹಿಡಿದುಕೊಂಡೇ ಆದಿತ್ಯವಾರ ಸಂಜೆ ಬಂದರು, ಹೆಂಡತಿಯನ್ನೂ ಕರೆದುಕೊಂಡು. ಬೆಲ್ಲ ನೀರು ಕೊಟ್ಟೆ. ಅವರ ಮಗಳಿಗೆ ಗಂಡು ನೋಡುತ್ತಿದ್ದಾರಂತೆ, ಹುಡುಗ ದುಬಾಯಿಯಲ್ಲಿ, ಕಳಿಸುವುದೋ ಬೇಡವೋ ಎಂದು ಗಂಡಹೆಂಡತಿಗೆ ಒಂದೇ ಮಾತಿಲ್ಲ. ಮುಕ್ಕಾಲು ಗಂಟೆ ಕುಳಿತರು. ಹೋಗುವಾಗ ಎರಡು ಸೌತೆ, ಬೇವಿನಸೊಪ್ಪು, ಒಂದು ಕಟ್ಟು ಬಸಳೆ ಕೊಟ್ಟೆ. ಬಸಳೆ ಅಂಗಡಿಯಲ್ಲೇ ಬೇಕಾದಷ್ಟುಂಟು, ಬೇಡ ಟೀಚರ್ ಎಂದರು. ಕೊಟ್ಟೆ.